ಎರೆಹುಳು ತರುವ ಮೊದಲು ಅದಕ್ಕೆ ಊಟ ಇಡಿ: ಹಿತ್ತಲಿನ ಮಣ್ಣು ಸರಿಮಾಡುವ ಬಗೆ

ಮನೆ ಕಟ್ಟಿ ಮುಗಿದ ಮೇಲೆ ನಮಗೆ ಹಿತ್ತಲು ಅಂತ ಉಳಿದದ್ದು ಹತ್ತಡಿ ಅಗಲದ ಒಂದು ಪಟ್ಟಿ. ಮೈಸೂರಿನ ಹೊರವಲಯದ ಕೆಂಪು ಮಣ್ಣು. ಅದರ ಮೇಲೆ ಗಾರೆಯವರು ಬಿಟ್ಟುಹೋದ ಜಲ್ಲಿ, ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ. ಮಳೆ ಬಂದರೆ ನೀರು ಇಂಗದೆ ಮೇಲೇ ನಿಲ್ಲುತ್ತಿತ್ತು. ಮೂರು ದಿನ ಬಿಸಿಲು ಬಿದ್ದರೆ ಗುದ್ದಲಿ ಠಣ್ ಅನ್ನುತ್ತಿತ್ತು. ನೆಟ್ಟ ಬದನೆ ಸಸಿಗಳು ಎರಡು ತಿಂಗಳಾದರೂ ಗೇಣುದ್ದ ಏಳಲಿಲ್ಲ.

ಎರೆಹುಳು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ನಾನೂ ಒಂದು ಕೆಜಿ ಹುಳ ತಂದು, ಸಂಜೆ ಪಾತಿಗೆ ಸುರಿದು, ನೀರು ಚಿಮುಕಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪಾತಿಯಿಂದ ಕಾಂಪೌಂಡ್ ತನಕ ಇರುವೆ ಸಾಲು. ಇರುವೆಗೆ ಸಿಗದೆ ಓಡಿಹೋದ ಹುಳಗಳು ಗೋಡೆ ಬುಡದಲ್ಲಿ ಒಣಗಿ, ದಾರದ ತುಂಡುಗಳ ಹಾಗೆ ಬಿದ್ದಿದ್ದವು. ಆ ವಾರ ಗೊಬ್ಬರ ತಂದ ಗಾಡಿಯವರು ಇದನ್ನು ಕೇಳಿ ನಕ್ಕರು. "ಊಟ ಇಲ್ದಿರೋ ಮನೆಗೆ ನೆಂಟ್ರನ್ನ ಕರೆದ್ರೆ ಇರ್ತಾರಾ ಸ್ವಾಮಿ?"

ಅವರು ಹೇಳಿದ್ದು ಸರಿ. ಮೊದಲು ಊಟ, ಆಮೇಲೆ ನೆರಳು ಮತ್ತು ತೇವ. ಇಷ್ಟಾದರೆ ಹುಳ ತಾನಾಗಿ ಬರುತ್ತದೆ, ತರಲೇಬೇಕೆಂದಿಲ್ಲ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ.

1. ಮೊದಲು ಮಣ್ಣನ್ನು ನೋಡಿ

ಖರ್ಚಿಲ್ಲದ ಮೂರು ಪರೀಕ್ಷೆಗಳಿವೆ.

ಒಂದು, ಹೆಂಟೆ ಪರೀಕ್ಷೆ. ಪಾತಿಯಿಂದ ನಿಂಬೆಹಣ್ಣಿನ ಗಾತ್ರದ ಹೆಂಟೆ ತಂದು ಚೆನ್ನಾಗಿ ಒಣಗಿಸಿ. ಗಾಜಿನ ಲೋಟದಲ್ಲಿ ನೀರು ತುಂಬಿ ಅದನ್ನು ಮೆಲ್ಲಗೆ ಇಳಿಬಿಡಿ. ನಮ್ಮ ಮಣ್ಣಿನ ಹೆಂಟೆ ನೀರಿಗೆ ಮುಟ್ಟಿದ್ದೇ ತಡ ಗುಳ್ಳೆ ಬಿಡುತ್ತಾ ಬಿಸ್ಕತ್ತಿನ ಹಾಗೆ ಕುಸಿಯಿತು. ಒಂದು ನಿಮಿಷಕ್ಕೆ ಲೋಟದ ತಳದಲ್ಲಿ ಕೆಂಪು ಕೆಸರು ಮಾತ್ರ. ಸಾವಯವ ಅಂಶ ಕಡಿಮೆಯಿರುವ ಮಣ್ಣು ಹೀಗೆಯೇ. ಅಷ್ಟೇ ಗಾತ್ರದ ಒಣ ಹೆಂಟೆಯನ್ನು ಹಳೇ ಮಾವಿನ ಮರದ ಬುಡದಿಂದ ತಂದು ಬಿಟ್ಟು ನೋಡಿ, ಬಹಳ ಹೊತ್ತು ಹಾಗೇ ಕೂತಿರುತ್ತದೆ. ಕೊಳೆತ ಎಲೆ, ಸೂಕ್ಷ್ಮಜೀವಿಗಳು ಬಿಡುವ ಅಂಟು, ಎರೆಹುಳುವಿನ ಹಿಕ್ಕೆ ಎಲ್ಲ ಸೇರಿ ಮಣ್ಣಿನ ಕಣಗಳನ್ನು ಹಿಡಿದಿಟ್ಟಿರುತ್ತವೆ. ಆ ಹಿಡಿತ ಇಲ್ಲದಿದ್ದರೆ ಮಳೆಹನಿ ಬಿದ್ದಾಗ ಮಣ್ಣು ಪುಡಿಯಾಗಿ, ಒಣಗಿದಾಗ ಮೇಲ್ಪದರ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ.

ಎರಡು, ಬಾಟಲಿ ಪರೀಕ್ಷೆ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಅಲ್ಲಾಡದ ಜಾಗದಲ್ಲಿಡಿ. ಒಂದು ನಿಮಿಷದೊಳಗೆ ತಳ ಸೇರುವುದು ಮರಳು. ಒಂದೆರಡು ಗಂಟೆಯಲ್ಲಿ ಅದರ ಮೇಲೆ ಕೂರುವುದು ಗೋಡು, ಅಂದರೆ ಮರಳಿಗಿಂತ ನುಣ್ಣನೆಯ ಮಣ್ಣು. ಒಂದೆರಡು ದಿನ ತೆಗೆದುಕೊಂಡು ಕೊನೆಗೆ ಕೂರುವುದು ಜೇಡಿ. ಮರಳು ಜಾಸ್ತಿಯಿದ್ದರೆ ನೀರು ಮತ್ತು ಗೊಬ್ಬರ ಬೇಗ ಸೋರಿಹೋಗುತ್ತದೆ, ಹಾಗಾಗಿ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಜೇಡಿ ಜಾಸ್ತಿಯಿದ್ದರೆ ಗಾಳಿಯಾಡುವುದಿಲ್ಲ. ಧಾರವಾಡ, ಗದಗ ಕಡೆಯ ಕಪ್ಪು ಮಣ್ಣು ಈ ಜಾತಿಯದು. ಆ ಕಡೆ ಅದಕ್ಕೆ ಎರೆ ಮಣ್ಣು ಅಂತಲೇ ಹೆಸರು. ಅಲ್ಲಿ ಮರಳು ಬೆರೆಸಿ ಸರಿಮಾಡಲು ಹೋಗಬೇಡಿ, ಎಷ್ಟು ಲೋಡು ಹಾಕಿದರೂ ಸಾಲದು. ಎರಡೂ ಮಣ್ಣಿಗೆ ಮದ್ದು ಒಂದೇ, ಕಳಿತ ಗೊಬ್ಬರ.

ಮೂರು, ಹುಳ ಎಣಿಸುವುದು. ಎರಡು ಮೂರು ಮಳೆ ಆದ ಮೇಲೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ. ಮಣ್ಣನ್ನು ಗೋಣಿಚೀಲದ ಮೇಲೆ ಹರವಿ, ಕೈಯಿಂದ ಪುಡಿಮಾಡುತ್ತಾ ಎಣಿಸಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಸಿಕ್ಕರೆ ನಿಮ್ಮ ಮಣ್ಣು ಚೆನ್ನಾಗಿದೆ. ನಮ್ಮಲ್ಲಿ ಸಿಕ್ಕಿದ್ದು ಸೊನ್ನೆ, ಜೊತೆಗೆ ಒಂದು ಗುಟ್ಕಾ ಪ್ಯಾಕೆಟ್. ಈ ಲೆಕ್ಕವನ್ನು ಬೇಸಿಗೆಯಲ್ಲಿ ಮಾಡಬೇಡಿ. ಬಿಸಿಲು ಏರಿದಾಗ ನಮ್ಮ ನಾಡ ಹುಳಗಳು ಆಳಕ್ಕಿಳಿದು, ಸುರುಳಿ ಸುತ್ತಿಕೊಂಡು ಮಲಗಿರುತ್ತವೆ.

ಇದಿಷ್ಟರ ಜೊತೆಗೆ ಒಮ್ಮೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಐದಾರು ಕಡೆ ಗೇಣುದ್ದ ತೋಡಿ, ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಿ. ಹೊಸ ಮನೆಯವರು ಇದನ್ನು ತಪ್ಪಿಸಬೇಡಿ. ಸಿಮೆಂಟ್, ಸುಣ್ಣ ಬಿದ್ದ ಮಣ್ಣಿನಲ್ಲಿ ಕ್ಷಾರ ಜಾಸ್ತಿಯಾಗಿ, ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಚಿಗುರು ಹಳದಿಯಾಗುತ್ತದೆ. ನರ ಮಾತ್ರ ಹಸಿರಾಗಿ ಉಳಿದಿರುತ್ತದೆ. ಅಂಥ ಕಡೆ ಎಷ್ಟು ಗೊಬ್ಬರ ಸುರಿದರೂ ಮೊದಲು ಸಿಮೆಂಟ್ ಹೆಂಟೆಗಳನ್ನು ಆರಿಸಿ ತೆಗೆಯಲೇಬೇಕು. ನಾನು ಎಂಟು ಬಾಣಲಿ ತೆಗೆದೆ. ಈಗಲೂ ಆಗಾಗ ಒಂದೊಂದು ಸಿಗುತ್ತದೆ.

2. ಪಾತಿ ಮಾಡಿ, ಮತ್ತೆ ತುಳಿಯಬೇಡಿ

ಪಾತಿಯ ಅಗಲ ಮೂರಡಿ ಮೀರದಿರಲಿ. ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕು. ಉದ್ದ ನಿಮ್ಮಿಷ್ಟ, ನನ್ನದು ಹತ್ತಡಿ. ನಡುವೆ ಒಂದೂವರೆ ಅಡಿ ದಾರಿ ಬಿಡಿ.

ಮೊದಲ ಸಲ ಮಾತ್ರ ಹಾರೆ ಅಥವಾ ಪಿಕಾಸಿಯಲ್ಲಿ ಒಂದಡಿ ಆಳಕ್ಕೆ ಸಡಿಲ ಮಾಡಿ. ಹಿಂದಿನ ದಿನ ನೀರು ಬಿಟ್ಟಿದ್ದರೆ ಸುಲಭ. ಕೆಳಗಿನ ಮಣ್ಣನ್ನು ಮೇಲೆ ತಂದು ಬುಡಮೇಲು ಮಾಡಬೇಡಿ, ಸಡಿಲವಾದರೆ ಸಾಕು. ಇದಾದ ಮೇಲೆ ಪಾತಿಯೊಳಗೆ ಕಾಲಿಡುವಂತಿಲ್ಲ. ಇದನ್ನು ಮನೆಯ ಮಕ್ಕಳಿಗೆ ಹೇಳಿ, ನಾಯಿಗೂ ಹೇಳಿ. ಪ್ರತಿ ಬೆಳೆಗೂ ಅಗೆದು ತಿರುವಿ ಹಾಕುವ ಅಭ್ಯಾಸವನ್ನೂ ಬಿಡಿ. ಅಗೆದಾಗ ಹುಳಗಳು ತುಂಡಾಗುತ್ತವೆ, ಅವು ಕೊರೆದ ದಾರಿಗಳು ಮುಚ್ಚಿಹೋಗುತ್ತವೆ. ತುಂಡಾದರೆ ಎರಡು ಹುಳ ಆಗುತ್ತದಲ್ವಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಬಾಲದ ತುದಿ ಹೋದರೆ ತಲೆಯ ಭಾಗ ಬದುಕಿಕೊಳ್ಳಬಹುದು, ಅಷ್ಟೇ.

3. ಊಟ: ಯಾವ ಗೊಬ್ಬರ, ಎಷ್ಟು

ಮೊದಲ ಸಲ ಪಾತಿಯ ಮೇಲೆ ಎರಡು ಇಂಚು ದಪ್ಪ ಕಳಿತ ಗೊಬ್ಬರ ಹರಡಿ. ಮೂರಡಿಗೆ ಹತ್ತಡಿ ಪಾತಿಗೆ ಸುಮಾರು 140 ಲೀಟರ್ ಬೇಕಾಗುತ್ತದೆ. ಅಂದರೆ 20 ಲೀಟರ್ ಬಕೆಟ್‌ನಲ್ಲಿ ಏಳು. ಮೇಲಿನ ನಾಲ್ಕೈದು ಇಂಚು ಮಣ್ಣಿಗೆ ಬೆರೆಸಿ. ಮುಂದಿನ ವರ್ಷದಿಂದ ಬೆರೆಸುವುದೂ ಬೇಡ. ಬೆಳೆಗೊಮ್ಮೆ ಒಂದು ಇಂಚು ಮೇಲೆ ಹಾಕಿ ಬಿಡಿ, ಕೆಳಗೆ ಎಳೆದುಕೊಂಡು ಹೋಗುವುದು ಹುಳದ ಕೆಲಸ.

ಇಲ್ಲಿ "ಕಳಿತ" ಎನ್ನುವ ಮಾತಿನ ಮೇಲೆ ನಿಮ್ಮ ಗಮನ ಇರಲಿ. ಹಸಿ ಸಗಣಿ ಮಣ್ಣಿಗೆ ಸೇರಿದರೆ ಕೊಳೆಯುವಾಗ ಬಿಸಿ ಏರಿ ಬೇರು ಸುಡುತ್ತದೆ. ಅರ್ಧ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ ಗೊಣ್ಣೆ ಹುಳವೂ ಬರಬಹುದು. ಬಿಳಿ ಮೈ, ಕಂದು ತಲೆ, ಬಾಗಿ ಮಲಗಿರುವ ದಪ್ಪ ಹುಳ. ಹೊಸಬರು ಇದನ್ನೂ ಎರೆಹುಳುವಿನ ನೆಂಟ ಎಂದುಕೊಂಡು ಬಿಟ್ಟುಬಿಡುತ್ತಾರೆ. ಅದರಲ್ಲಿ ಕೆಲವು ಸುಮ್ನೆ ಗೊಬ್ಬರ ತಿಂದುಕೊಂಡಿರುತ್ತವೆ, ಕೆಲವು ಬೇರು ತಿನ್ನುತ್ತವೆ. ನಮಗೆ ಯಾವುದು ಯಾವುದೆಂದು ಗೊತ್ತಾಗದ ಕಾರಣ ಆರಿಸಿ ಕೋಳಿಗೆ ಹಾಕುವುದು ಒಳ್ಳೆಯದು.

ಗೊಬ್ಬರ ಕಳಿತಿದೆಯೋ ಇಲ್ಲವೋ ತಿಳಿಯುವುದು ಸುಲಭ. ರಾಶಿಯೊಳಗೆ ಮೊಣಕೈ ತನಕ ಕೈ ಹಾಕಿ, ಬೆಚ್ಚಗಿದ್ದರೆ ಇನ್ನೂ ಆಗಿಲ್ಲ. ಮುದ್ದೆ ಮಾಡಿ ಮೂಸಿ, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಹುಲ್ಲು ಹುಲ್ಲಾಗಿ, ಸಗಣಿ ಸಗಣಿಯಾಗಿ ಕಾಣಬಾರದು. ಆದರೂ ಅನುಮಾನವಿದ್ದರೆ ಒದ್ದೆ ಗೊಬ್ಬರ ಎರಡು ಹಿಡಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮೂಗು ಮುಚ್ಚಿಕೊಳ್ಳುವಂತಾದರೆ ಇನ್ನೊಂದು ತಿಂಗಳು ಕಾಯಿರಿ.

ಕೊಟ್ಟಿಗೆ ಗೊಬ್ಬರದಲ್ಲಿ ಪೋಷಕಾಂಶ ಅಂಥ ಜಾಸ್ತಿಯೇನಿಲ್ಲ. ಸಾರಜನಕ ನೂರಕ್ಕೆ ಅರ್ಧದಷ್ಟು, ಅಷ್ಟೇ. ಅದು ಮಣ್ಣಿಗೆ ಕೊಡುವುದು ಮೈಕಟ್ಟು. ಬದನೆ, ಟೊಮೆಟೊ, ಮೆಣಸಿನಕಾಯಿಯಂಥ ಹೊಟ್ಟೆಬಾಕ ಗಿಡಗಳಿಗೆ ಇನ್ನಷ್ಟು ಬೇಕು. ಹೊಂಗೆ ಹಿಂಡಿ ಅಥವಾ ಬೇವಿನ ಹಿಂಡಿಯನ್ನು ಇದೇ ಅಳತೆಯ ಪಾತಿಗೆ ಅರ್ಧ ಕೆಜಿಯಂತೆ, ಸಸಿ ನೆಡುವ ಎರಡು ವಾರ ಮುಂಚೆ ಬೆರೆಸಿಡಿ.

ಮನೆಯಲ್ಲೇ ಗೊಬ್ಬರ ಮಾಡುವುದಾದರೆ ಮೂರಡಿಯ ಚೌಕ, ಮೂರಡಿ ಎತ್ತರದ ರಾಶಿ ಬೇಕು. ಅದಕ್ಕಿಂತ ಚಿಕ್ಕದಾದರೆ ಕಾವು ಏರುವುದಿಲ್ಲ. ಎರಡು ಮೂರು ಪಾಲು ಒಣ ತರಗೆಲೆಗೆ ಒಂದು ಪಾಲು ಹಸಿ ಸೊಪ್ಪು, ಸಿಪ್ಪೆ. ಪದರಕ್ಕೊಮ್ಮೆ ಸಗಣಿ ನೀರು. ಎರಡು ವಾರಕ್ಕೊಮ್ಮೆ ತಿರುವಿ. ಮೂರು ನಾಲ್ಕು ತಿಂಗಳಿಗೆ ಸಿದ್ಧ. ಸೊಪ್ಪಿನಲ್ಲಿ ಗ್ಲಿರಿಸಿಡಿಯಾಕ್ಕೆ ನನ್ನ ಮೊದಲ ಓಟು. ಅದನ್ನು ಗೊಬ್ಬರದ ಗಿಡ ಅಂತ ಕರೆಯುವುದೂ ಅದಕ್ಕೇ. ಬೇಗ ಕರಗುತ್ತದೆ, ಬೇಲಿಗೆ ನೆಟ್ಟರೆ ಕಡಿದಷ್ಟೂ ಚಿಗುರುತ್ತದೆ. ಹೊಂಗೆ ಸೊಪ್ಪೂ ಒಳ್ಳೆಯದು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು ಕಿತ್ತರೆ ರಾಶಿಗೆ ಹಾಕಬಹುದು, ಆದರೆ ಕೈಗವಸು ಹಾಕಿಕೊಳ್ಳಿ. ನೀಲಗಿರಿ, ಅಕೇಶಿಯಾ ಎಲೆಗಳನ್ನು ಕೊಳೆಸಲು ಹೊರಟರೆ ನಿಮ್ಮ ತಾಳ್ಮೆ ಮೊದಲು ಕೊಳೆಯುತ್ತದೆ.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳುತ್ತೇನೆ. ಮರ ಕೊಯ್ಯುವ ಮಿಲ್ಲಿನಲ್ಲಿ ಪುಕ್ಕಟೆ ಸಿಕ್ಕಿತೆಂದು ಎರಡು ಮೂಟೆ ಮರದ ಹೊಟ್ಟು ತಂದು ಪಾತಿಗೆ ಬೆರೆಸಿದೆ. ಹದಿನೈದೇ ದಿನಕ್ಕೆ ಬೀನ್ಸ್ ಗಿಡಗಳೆಲ್ಲ ಕಾಮಾಲೆ ಬಂದ ಹಾಗೆ ಹಳದಿ. ಒಣ ಹೊಟ್ಟನ್ನು ಕೊಳೆಸುವ ಜೀವಿಗಳಿಗೆ ಸಾರಜನಕ ಬೇಕು. ಹೊಟ್ಟಿನಲ್ಲಿ ಅದು ಇಲ್ಲ. ಹಾಗಾಗಿ ಅವು ಗಿಡದ ಪಾಲನ್ನೇ ಕಸಿದುಕೊಂಡವು. ಕಡಲೆಕಾಯಿ ಹಿಂಡಿ ನೆನೆಸಿದ ನೀರು ವಾರಕ್ಕೊಮ್ಮೆ ಹಾಕಿ ಗಿಡ ಉಳಿಸಿಕೊಂಡೆ. ಹೊಟ್ಟು, ತರಗೆಲೆ, ತೆಂಗಿನ ನಾರಿನ ಪುಡಿ ಇವೆಲ್ಲ ಮಣ್ಣಿನ ಮೇಲೆ ಇರಬಹುದು. ಕೊಳೆಯದೆ ಮಣ್ಣಿನ ಒಳಗೆ ಹೋಗಬಾರದು.

4. ಹೊದಿಕೆ

ಎರೆಹುಳು ಉಸಿರಾಡುವುದು ಚರ್ಮದಿಂದ. ಚರ್ಮ ಒದ್ದೆಯಿದ್ದರೆ ಮಾತ್ರ ಅದಕ್ಕೆ ಉಸಿರು. ಕಣ್ಣಿಲ್ಲದಿದ್ದರೂ ಬೆಳಕು ಅದಕ್ಕೆ ಗೊತ್ತಾಗುತ್ತದೆ, ಬೆಳಕು ಕಂಡರೆ ಆಗದು. ಬರಿ ಮಣ್ಣಿನ ಮೇಲೆ ಮಾರ್ಚ್ ಬಿಸಿಲು ಬೀಳುತ್ತಿರುವಾಗ ಹುಳ ಮೇಲೆ ಬಂದು ಕೆಲಸ ಮಾಡಲಿ ಎಂದರೆ ಹೇಗೆ?

ಪಾತಿಗೆ ಮೂರು ನಾಲ್ಕು ಇಂಚು ತರಗೆಲೆ, ಭತ್ತದ ಹುಲ್ಲು, ಕಳೆ ಕಿತ್ತ ಹುಲ್ಲು, ಏನಾದರೂ ಹೊದಿಸಿ. ಬೀಜ ಕಟ್ಟಿದ ಕಳೆ ಬೇಡ. ಗಿಡದ ಕಾಂಡದಿಂದ ಎರಡು ಇಂಚು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ನೀರು ಹಾಕಿದ ಮೇಲೆ ಹೊದಿಕೆ ಎತ್ತಿ ಕೆಳಗಿನ ಮಣ್ಣು ಒದ್ದೆಯಾಗಿದೆಯೇ ನೋಡಿ. ದಪ್ಪ ಹೊದಿಕೆ ಮೇಲಿನ ನೀರನ್ನು ತಾನೇ ಕುಡಿದುಬಿಡುತ್ತದೆ.

ಉತ್ತರ ಕನ್ನಡದ ತೋಟಿಗರಿಗೆ ಇದು ಹೊಸದೇನಲ್ಲ. ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು) ಸೊಪ್ಪು, ದರಗು (ಒಣಗಿದ ಎಲೆ) ತಂದು ಕೊಟ್ಟಿಗೆಗೆ ಹಾಸಿ, ಅದು ಗೊಬ್ಬರವಾದ ಮೇಲೆ ಅಡಿಕೆ ಬುಡಕ್ಕೆ ಹಾಕುವುದು ಅಲ್ಲಿನ ಹಳೆಯ ಪದ್ಧತಿ. ಬೆಟ್ಟ ಇಲ್ಲದ ನಮ್ಮಂಥವರು ರಸ್ತೆಯಲ್ಲಿ ಗುಡಿಸಿ ಬೆಂಕಿ ಹಚ್ಚುವ ಎಲೆಗಳ ಮೇಲೆ ಕಣ್ಣಿಡಬೇಕು. ನಮ್ಮ ಬೀದಿಯ ಹೊಂಗೆ ಮರಗಳ ಎಲೆ ಈಗ ನಮ್ಮ ಮನೆಗೇ ಬರುತ್ತದೆ. ಗುಡಿಸುವ ಅಕ್ಕ ಚೀಲ ತುಂಬಿ ಗೇಟಿನ ಹತ್ತಿರ ಇಟ್ಟು, "ನಿಮ್ಮ ಕಸ ಬಂತು ಸಾರ್" ಎಂದು ಕೂಗಿ ಹೋಗುತ್ತಾರೆ.

ಹೊದಿಕೆಯಿಂದ ಎರಡು ತೊಂದರೆ ಉಂಟು. ಕೆಂಪು ಮಣ್ಣಿನಲ್ಲಿ ಹೊದಿಕೆ ಒಣಗಿದರೆ ಗೆದ್ದಲು ಬರುತ್ತದೆ, ಹಾಗಾಗಿ ತೇವ ಆರಲು ಬಿಡಬೇಡಿ. ಜಡಿಮಳೆಯಲ್ಲಿ ಅದರಡಿ ಬಸವನಹುಳು ಸೇರಿಕೊಳ್ಳುತ್ತದೆ. ಜುಲೈ ಹೊತ್ತಿಗೆ ಎಳೆ ಸಸಿಗಳ ಸುತ್ತ ಹೊದಿಕೆ ಸರಿಸಿ, ಸಂಜೆ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ.

5. ಈಗ ಹುಳ

ಎರೆಹುಳುಗಳೆಲ್ಲ ಒಂದೇ ಅಲ್ಲ. ಮಾರಾಟಕ್ಕೆ ಸಿಗುವವು ಹೆಚ್ಚಾಗಿ ಹೊರಗಿನವು. ಪಶ್ಚಿಮ ಆಫ್ರಿಕಾ ಮೂಲದ ದಪ್ಪ ಹುಳ ಯುಡ್ರಿಲಸ್, ಮೈಮೇಲೆ ಪಟ್ಟೆಯಿರುವ ಕೆಂಪು ಹುಳ ಐಸೀನಿಯಾ. ಇವು ಮಣ್ಣಿನ ಹುಳಗಳಲ್ಲ, ಕೊಳೆಯುವ ಕಸದ ಹುಳಗಳು. ತೊಟ್ಟಿಯಲ್ಲಿ ಚುರುಕು, ಬರಿ ಮಣ್ಣಿಗೆ ಬಿಟ್ಟರೆ ನನ್ನ ಒಂದು ಕೆಜಿಗೆ ಆದ ಗತಿ. ನಮ್ಮ ನಾಡಿನ ಪೆರಿಯೋನಿಕ್ಸ್ ಕೂಡ ಕಸದ ಹುಳವೇ. ಹಳೇ ತಿಪ್ಪೆ ಕೆದಕಿದರೆ ಸಿಗುತ್ತದೆ, ಬೆಳಕಿಗೆ ಹಿಡಿದರೆ ಮೈಮೇಲೆ ನೀಲಿ ಹೊಳಪು ಕಾಣುತ್ತದೆ. ಪಾತಿಗೆ ಬೇಕಾದದ್ದು ಮಣ್ಣು ಕೊರೆಯುವ ನಾಡ ಹುಳ. ನೆಲದೊಳಗೆ ಬಿಲ ಮಾಡಿ, ರಾತ್ರಿ ಮೇಲೆ ಬಂದು ಎಲೆ ಚೂರು ತಿಂದು, ಹಿಕ್ಕೆಯನ್ನು ನೆಲದ ಮೇಲೆ ಪುಟ್ಟ ಗುಪ್ಪೆಯಾಗಿ ಬಿಡುವಂಥದ್ದು. ಆ ಬಿಲದಲ್ಲೇ ಮಳೆನೀರು ಇಳಿಯುತ್ತದೆ, ಬೇರು ಇಳಿಯುತ್ತದೆ.

ಇವನ್ನು ಕರೆಯುವ ಒಂದು ಹಳೆಯ ಉಪಾಯವಿದೆ. ಹತ್ತಿರದಲ್ಲಿ ಹಿಕ್ಕೆ ಗುಪ್ಪೆಗಳು ಕಾಣುವ, ತಂಪಾದ ಒಂದು ಜಾಗ ಹುಡುಕಿ. ಅರ್ಧ ಕೆಜಿ ಬೆಲ್ಲ, ಅರ್ಧ ಕೆಜಿ ಹಸಿ ಸಗಣಿಯನ್ನು ಎರಡು ಲೀಟರ್ ನೀರಿಗೆ ಕದಡಿ ಒಂದು ಮೀಟರ್ ಚೌಕಕ್ಕೆ ಚೆಲ್ಲಿ. ಮೇಲೆ ಹುಲ್ಲು, ಅದರ ಮೇಲೆ ಹಳೇ ಗೋಣಿಚೀಲ. 20ರಿಂದ 30 ದಿನ ನೀರು ಚಿಮುಕಿಸುತ್ತಾ ಇರಿ. ಚೀಲ ಎತ್ತಿದರೆ ಹುಳಗಳು ಸೇರಿರುತ್ತವೆ. ಮಣ್ಣಿನ ಸಮೇತ ಬಾಣಲಿಗೆ ತುಂಬಿ, ಸಂಜೆ ಹೊತ್ತು ಪಾತಿಯ ಹೊದಿಕೆಯಡಿ ಇಡಿ. ಸಾಮಾನ್ಯ ಹಿತ್ತಲಿಗೆ ಇದೂ ಬೇಕಾಗುವುದಿಲ್ಲ. ಒಂದು ಮಳೆಗಾಲ ಹೊದಿಕೆ ಇಟ್ಟರೆ ಅಕ್ಕಪಕ್ಕದಿಂದ ತಾವೇ ಬರುತ್ತವೆ. ನಾನಂತೂ ತಡೆಯಲಾರದೆ ಮಾಡಿದೆ.

6. ಅಡುಗೆಮನೆ ಸಿಪ್ಪೆಗೆ ಎರೆತೊಟ್ಟಿ

ಕೊಂಡ ಹುಳಗಳಿಗೆ ಇದು ಸರಿಯಾದ ಜಾಗ. ನಾಲ್ಕು ಜನರ ಮನೆಗೆ ಮೂರಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿ ಮತ್ತು ಒಂದು ಕೆಜಿ ಹುಳ ಸಾಕು. ಕೆಜಿಗೆ ಸುಮಾರು ಸಾವಿರ ಕೆಂಪು ಹುಳ ಬರುತ್ತವೆ. ತಳದಲ್ಲಿ ತೂತು ಇರಲಿ. ಕಾಲುಗಳ ಮೇಲೆ ನಿಲ್ಲಿಸಿ, ಒಂದೊಂದು ಕಾಲನ್ನೂ ನೀರಿನ ಬಟ್ಟಲಿನಲ್ಲಿಡಿ, ಇರುವೆಗೆ ಇದೊಂದೇ ಮದ್ದು. ಬಟ್ಟಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಸೊಳ್ಳೆ ಮೊಟ್ಟೆ ಇಡುವುದಿಲ್ಲ.

ತಳಕ್ಕೆ ತೆಂಗಿನ ನಾರು, ಅದರ ಮೇಲೆ ಅರ್ಧ ಅಡಿ ಹದಿನೈದು ಇಪ್ಪತ್ತು ದಿನ ಹಳೆಯ, ಕಾವು ಆರಿದ ಸಗಣಿ. ಅದಕ್ಕೆ ಹುಳ ಬಿಟ್ಟು ವಾರ ಸುಮ್ಮನಿರಿ. ಆಮೇಲೆ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಂದಿಂಚು ಪದರವಾಗಿ ಹಾಕಿ, ಮೇಲೆ ತರಗೆಲೆ ಮುಚ್ಚಿ. ಹಿಂದಿನದು ಅರ್ಧ ಕರಗುವ ತನಕ ಮುಂದಿನದು ಬೇಡ. ನಿಂಬೆ ಸಿಪ್ಪೆ, ಈರುಳ್ಳಿ, ಮೆಣಸಿನಕಾಯಿ ಬೇಡ. ಉಪ್ಪು, ಎಣ್ಣೆ ಬಿದ್ದ ಸಾರು ಪಲ್ಯ ಬೇಡವೇ ಬೇಡ. ತೇವದ ಹದ ಹೀಗೆ: ಒಂದು ಹಿಡಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಸುರಿಯಬಾರದು.

ಎರಡು ತಿಂಗಳಿಗೆ ಮೇಲಿನ ಪದರ ಚಹಾಪುಡಿಯ ಹಾಗೆ ಆಗಿರುತ್ತದೆ. ನಾಲ್ಕು ದಿನ ನೀರು ನಿಲ್ಲಿಸಿ, ಗೋಣಿಚೀಲದ ಮೇಲೆ ಗುಪ್ಪೆ ಹಾಕಿ ಬೆಳಕಲ್ಲಿಡಿ. ಹುಳಗಳು ಕೆಳಕ್ಕಿಳಿಯುತ್ತವೆ, ಮೇಲಿನಿಂದ ಕೆರೆದುಕೊಳ್ಳಿ. ಅದರಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ, ನಿಂಬೆಯ ಆಕಾರದ ಹಳದಿ ಕಾಳುಗಳು ಕಂಡರೆ ಎಸೆಯಬೇಡಿ, ಅವು ಮೊಟ್ಟೆಯ ಗೂಡು. ಒಂದೊಂದರಿಂದ ಹಲವು ಮರಿ ಬರುತ್ತವೆ. ಎರೆಗೊಬ್ಬರವನ್ನು ಬಿಸಿಲಿಗೆ ಒಣಹಾಕದೆ, ನೆರಳಲ್ಲಿ ತುಸು ತೇವದಲ್ಲೇ ಇಡಿ. ಸಸಿ ನೆಡುವಾಗ ಗುಂಡಿಗೆ ಒಂದು ಹಿಡಿ, ಹೂ ಬರುವಾಗ ಬುಡಕ್ಕೆ ಎರಡು ಹಿಡಿ.

7. ಪಾತಿ ಖಾಲಿ ಇದ್ದರೆ

ಎರಡು ಬೆಳೆಯ ನಡುವೆ ಒಂದೂವರೆ ತಿಂಗಳು ಸಿಕ್ಕರೆ ಅಪ್ಸೆಣಬು, ಅಲಸಂದೆ ಅಥವಾ ಹುರುಳಿ ಒತ್ತಾಗಿ ಚೆಲ್ಲಿ. ಹೂ ಮೊಗ್ಗು ಕಂಡ ಕೂಡಲೇ ಬುಡಕ್ಕೆ ಕೊಯ್ದು ಅಲ್ಲೇ ಮಲಗಿಸಿ. ಬೇರು ಕೀಳಬೇಡಿ, ಅದರ ಗಂಟುಗಳಲ್ಲಿ ಸಾರಜನಕವಿದೆ. ಎರಡು ಮೂರು ವಾರ ಬಿಟ್ಟು ಸಸಿ ನೆಡಿ.

8. ಹುಳ ಓಡಿಸುವ ಕೆಲಸಗಳು

ಯೂರಿಯಾ ಹಿಡಿಗಟ್ಟಲೆ ಚೆಲ್ಲುವುದು. ಕಳೆನಾಶಕ ಹೊಡೆಯುವುದು. ಪದೇ ಪದೇ ಮೈಲುತುತ್ತದ ದ್ರಾವಣ ಸಿಂಪಡಿಸುವುದು. ಅದರ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಹುಳಕ್ಕೆ ಅದು ವಿಷ. ಒಲೆ ಬೂದಿಯನ್ನು ಒಂದೇ ಕಡೆ ಸುರಿಯುವುದೂ ಬೇಡ, ಬೂದಿಯೂ ಕ್ಷಾರವೇ; ಬೋರ್‌ವೆಲ್ ನೀರಿನ ಮನೆಗಳಲ್ಲಿ ಮಣ್ಣಿಗೆ ಮೊದಲೇ ಕ್ಷಾರ ಏರಿರುತ್ತದೆ.

ಕೆಂಬೂತ, ಗೊರವಂಕ ಬಂದು ಹೊದಿಕೆ ಕೆದಕುತ್ತಿದ್ದರೆ ಓಡಿಸಬೇಡಿ. ನಿಮ್ಮ ಪಾತಿಯಲ್ಲಿ ತಿನ್ನಲು ಏನೋ ಇದೆ ಅಂತ ಅವಕ್ಕೆ ಗೊತ್ತಾಗಿದೆ.

ಹುಳ ಎಣಿಸುವ ನಮ್ಮ ಗುಂಡಿಯ ಲೆಕ್ಕ ಹೀಗಿದೆ: ಮೊದಲ ವರ್ಷ ಸೊನ್ನೆ, ಎರಡನೇ ಮಳೆಗಾಲಕ್ಕೆ ಮೂರು, ಮೂರನೆಯದಕ್ಕೆ ಹನ್ನೊಂದು. ಪ್ರತಿ ಸಲವೂ ಅದೇ ಜಾಗ, ನುಗ್ಗೆ ಗಿಡದಿಂದ ನಾಲ್ಕು ಹೆಜ್ಜೆ. ನೀವೂ ಜಾಗಕ್ಕೆ ಒಂದು ಗೂಟ ಹೊಡೆದು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎಣಿಸಿ ಮುಗಿದ ಕೂಡಲೇ ಹುಳಗಳನ್ನು ಗುಂಡಿಗೆ ಬಿಟ್ಟು ಮಣ್ಣು ಮುಚ್ಚಿ, ಬಿಸಿಲು ಬಂದುಬಿಡುತ್ತದೆ.